ಗೊರಕೆಯ ಗುಟ್ಟು, ಹಲ್ಲಿನ ಡಾಕ್ಟರಿಗೂ ಗೊತ್ತು!



ಹಲ್ಲು ನೋಯುತ್ತಿದ್ದರೆ ಯಾರ ಬಳಿಗೆ ಹೋಗುತ್ತೀರಿ? ದಂತ ವೈದ್ಯರ ಬಳಿಗೆ. ಹಲ್ಲು ಹುಳುಕಾಗಿದ್ದರೆ? ಆಗಲೂ ದಂತ ವೈದ್ಯರ ಬಳಿಗೇ. ಸರಿ, ರಾತ್ರಿ ಮಲಗಿದಾಗ ಉಸಿರು ಸರಿಯಾಗಿ ಆಡದಿದ್ದರೆ? "ಉಸಿರಿಗೂ ಹಲ್ಲಿನ ಡಾಕ್ಟರಿಗೂ ಏನು ಸಂಬಂಧ?" ಎಂದು ನೀವು ಕೇಳುವುದು ಸಹಜ. ಸಂಬಂಧ ಇದೆ. ಅದು ನಮ್ಮ ಬಾಯಿಯ ಹಿಂಭಾಗದಲ್ಲಿ, ನಾಲಗೆಯ ಬುಡದಲ್ಲಿ ಅಡಗಿದೆ. ಹುಡುಕೋಣ ಬನ್ನಿ.

ಗೊರಕೆ ಹೊಡೆಯುವವರು ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಇರುತ್ತಾರೆ. ಅಜ್ಜ ಜಗಲಿಯ ಮೇಲೆ ಮಲಗಿ ಗೊರಕೆ ಹೊಡೆದರೆ "ಹಾಯಾಗಿ ನಿದ್ದೆ ಮಾಡುತ್ತಿದ್ದಾರೆ" ಎನ್ನುತ್ತೇವೆ. ಶಾಲೆಯ ನಾಟಕದಲ್ಲಿ ಕುಂಭಕರ್ಣ ಬಂದರೆ ಮೊದಲು ಕೇಳುವುದೇ ಗೊರಕೆ! ಗೊರಕೆ ಎಂದರೆ ಗಾಢ ನಿದ್ರೆಯ ಗುರುತು ಎಂದು ಬಹಳ ಜನ ನಂಬಿದ್ದಾರೆ. ವಿಜ್ಞಾನ ಹೇಳುವುದು ಬೇರೆ. ಗೊರಕೆ ಎಂದರೆ, ಗಾಳಿ ಹೋಗುವ ದಾರಿ ಎಲ್ಲೋ ಕಿರಿದಾಗಿದೆ ಎಂಬ ಸೂಚನೆ.

ಗೋಡೆ ಮೆತ್ತಗಿರುವ ದಾರಿ

ನಾವು ಎಳೆದುಕೊಂಡ ಗಾಳಿ ಮೂಗಿನಿಂದ ಗಂಟಲಿಗೆ, ಗಂಟಲಿನಿಂದ ಶ್ವಾಸನಾಳಕ್ಕೆ, ಅಲ್ಲಿಂದ ಶ್ವಾಸಕೋಶಗಳಿಗೆ ಹೋಗುತ್ತದೆ. ಶ್ವಾಸನಾಳದ ಗೋಡೆಯಲ್ಲಿ ಮೃದ್ವಸ್ಥಿಯ ಉಂಗುರಗಳಿವೆ. ಕತ್ತಿನ ಮುಂಭಾಗವನ್ನು ಮೆಲ್ಲಗೆ ಮುಟ್ಟಿ ನೋಡಿ, ಗಟ್ಟಿಯಾದ ಏಣುಗಳು ಬೆರಳಿಗೆ ಸಿಗುತ್ತವೆ. ಈ ಉಂಗುರಗಳು ಇರುವುದರಿಂದ ಶ್ವಾಸನಾಳ ಯಾವಾಗಲೂ ತೆರೆದೇ ಇರುತ್ತದೆ.

ಆದರೆ ಅದಕ್ಕಿಂತ ಮೇಲೆ, ನಾಲಗೆಯ ಹಿಂದಿರುವ ಗಂಟಲಿನ ಭಾಗಕ್ಕೆ ಅಂತಹ ಉಂಗುರಗಳಿಲ್ಲ. ಅದರ ಗೋಡೆಗಳು ಬರೀ ಸ್ನಾಯುಗಳಿಂದ ಆದವು. ಏಕೆ ಹೀಗೆ? ಅನ್ನ ನುಂಗುವಾಗ ಆ ಭಾಗ ಮುದುಡಬೇಕು, ಮಾತನಾಡುವಾಗ ಆಕಾರ ಬದಲಿಸಬೇಕು. ಗಟ್ಟಿ ಕೊಳವೆಯಾಗಿದ್ದರೆ ಇವೆರಡೂ ಕಷ್ಟ.

ಹಗಲು ಈ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ತೆರೆದಿಡುತ್ತವೆ. ರಾತ್ರಿ ನಿದ್ರೆ ಬಂದಾಗ ಕೈಕಾಲಿನ ಸ್ನಾಯುಗಳಂತೆ ಇವೂ ಸಡಿಲವಾಗುತ್ತವೆ. ಅಂಗಾತ ಮಲಗಿದರೆ ನಾಲಗೆ ತನ್ನ ಭಾರಕ್ಕೆ ಹಿಂದಕ್ಕೆ ಜಾರುತ್ತದೆ. ಹೆಚ್ಚಿನವರಲ್ಲಿ ಆಗಲೂ ಗಾಳಿಗೆ ಬೇಕಾದಷ್ಟು ಜಾಗ ಉಳಿದಿರುತ್ತದೆ. ಮೊದಲೇ ಇಕ್ಕಟ್ಟಾದ ಗಂಟಲಿದ್ದವರಿಗೆ ತೊಂದರೆ ಶುರುವಾಗುವುದು ಇಲ್ಲಿಯೇ.

ಮಾಡಿ ನೋಡಿ: 1

ತೆಳುವಾದ ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿ ತೆಗೆದುಕೊಳ್ಳಿ. ಅದರ ಬಾಯಿಗೆ ತುಟಿ ಬಿಗಿಯಾಗಿ ಒತ್ತಿ, ಒಳಗಿನ ಗಾಳಿಯನ್ನು ಹೀರಿ. ಏನಾಯಿತು? ಬಾಟಲಿಯ ಗೋಡೆ ಒಳಕ್ಕೆ ತಗ್ಗಿತು. ಒಳಗಿನ ಗಾಳಿಯ ಒತ್ತಡ ಕಡಿಮೆಯಾದಾಗ ಹೊರಗಿನ ಗಾಳಿ ಗೋಡೆಯನ್ನು ಒಳಕ್ಕೆ ತಳ್ಳಿತು. ನಾವು ಉಸಿರು ಎಳೆದುಕೊಂಡಾಗ ಗಂಟಲಿನ ಒಳಗೂ ಒತ್ತಡ ಕಡಿಮೆಯಾಗುತ್ತದೆ. ಗೋಡೆ ಬಿಗಿಯಾಗಿದ್ದರೆ ತೊಂದರೆ ಇಲ್ಲ. ಸಡಿಲವಾಗಿದ್ದರೆ ಆ ಬಾಟಲಿಯಂತೆಯೇ ಒಳಕ್ಕೆ ಕುಸಿಯುತ್ತದೆ.

ಮಾಡಿ ನೋಡಿ: 2

ತೆಂಗಿನ ಗರಿಯ ಪೀಪಿ ಮಾಡಿ ಊದಿದ್ದೀರಲ್ಲವೇ? ಪೀಪಿಯ ತುದಿಯನ್ನು ಒತ್ತಿ ಚಪ್ಪಟೆ ಮಾಡಿದರೆ ಮಾತ್ರ ಸದ್ದು ಬರುತ್ತದೆ. ಕಿರಿದಾದ ಸಂದಿಯಲ್ಲಿ ಗಾಳಿ ರಭಸವಾಗಿ ನುಗ್ಗಿ ಗರಿಯ ಅಂಚುಗಳನ್ನು ಅದುರಿಸುತ್ತದೆ. ಗೊರಕೆಯೂ ಹೀಗೆಯೇ. ಇಲ್ಲಿ ಅದುರುವುದು ಮೃದು ಅಂಗುಳ, ಕಿರುನಾಲಗೆ ಮತ್ತು ಗಂಟಲಿನ ಗೋಡೆ.

ಸದ್ದು ನಿಂತರೆ ನೆಮ್ಮದಿಯೇ?

ಗೊರಕೆ ಹೊಡೆಯುತ್ತಿದ್ದವರು ಒಮ್ಮೊಮ್ಮೆ ಥಟ್ಟನೆ ಸುಮ್ಮನಾಗುತ್ತಾರೆ. "ಅಬ್ಬ, ಸದ್ದು ನಿಂತಿತು" ಎಂದು ಪಕ್ಕದವರು ಸಮಾಧಾನಪಡುತ್ತಾರೆ. ಸ್ವಲ್ಪ ಹೊತ್ತಿಗೆ ಅವರು ಬಿಕ್ಕಿದಂತೆ ಮಾಡಿ, ಜೋರಾಗಿ ಉಸಿರೆಳೆದು ಮತ್ತೆ ಗೊರಕೆ ಶುರು ಮಾಡುತ್ತಾರೆ. ಆ ನಿಶ್ಶಬ್ದದ ಹೊತ್ತಿನಲ್ಲಿ ದಾರಿ ಪೂರ್ತಿ ಮುಚ್ಚಿಕೊಂಡು ಗಾಳಿ ಹೋಗದೆ ಇದ್ದಿರಬಹುದು!

ಎದೆ, ಹೊಟ್ಟೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗದ ಈ ಸ್ಥಿತಿಗೆ ‘ಸ್ಲೀಪ್ ಆಪ್ನಿಯ’ ಎನ್ನುತ್ತಾರೆ. ‘ಆಪ್ನಿಯ’ ಗ್ರೀಕ್ ಮೂಲದ ಪದ. ಉಸಿರಿಲ್ಲದಿರುವುದು ಎಂದು ಅದರ ಅರ್ಥ. ದೊಡ್ಡವರಲ್ಲಿ ಕನಿಷ್ಠ 10 ಸೆಕೆಂಡು ಗಾಳಿಯ ಓಡಾಟ ನಿಂತರೆ ಅದನ್ನು ಒಂದು ಆಪ್ನಿಯ ಎಂದು ಎಣಿಸುತ್ತಾರೆ. ಮಕ್ಕಳಲ್ಲಿ ಎರಡು ಉಸಿರಿನಷ್ಟು ಹೊತ್ತು ನಿಂತರೂ ಲೆಕ್ಕಕ್ಕೆ ಬರುತ್ತದೆ.

ಆಗ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಅಪಾಯವನ್ನು ಅರಿತು ಕ್ಷಣಕಾಲ ಎಚ್ಚರಗೊಳ್ಳುತ್ತದೆ. ಗಂಟಲಿನ ಸ್ನಾಯು ಬಿಗಿಯಾಗಿ ದಾರಿ ತೆರೆಯುತ್ತದೆ. ಮತ್ತೆ ನಿದ್ರೆ, ಮತ್ತೆ ಸಡಿಲ, ಮತ್ತೆ ತಡೆ. ಈ ಚಿಕ್ಕ ಎಚ್ಚರಗಳು ಬೆಳಿಗ್ಗೆ ನೆನಪಿರುವುದಿಲ್ಲ.

ಒಂದು ಲೆಕ್ಕ ಮಾಡೋಣ. ಒಬ್ಬರಿಗೆ ಗಂಟೆಗೆ 30 ಸಲ ಹೀಗಾಗುತ್ತದೆ ಎಂದುಕೊಳ್ಳಿ. ಅಂದರೆ ಎರಡು ನಿಮಿಷಕ್ಕೊಮ್ಮೆ. 7 ಗಂಟೆ ಮಲಗಿದರೆ 210 ಸಲ! ನೀವು ಮಲಗಿರುವಾಗ ಯಾರಾದರೂ ಎರಡು ನಿಮಿಷಕ್ಕೊಮ್ಮೆ ನಿಮ್ಮ ಹೆಗಲು ಅಲುಗಾಡಿಸಿದರೆ ಬೆಳಿಗ್ಗೆ ಹೇಗಿರುತ್ತೀರಿ?

ಹಗಲಿನಲ್ಲಿ ಕಾಣುವ ರಾತ್ರಿಯ ತೊಂದರೆ

ದೊಡ್ಡವರಲ್ಲಿ ಇದು ಹಗಲಿನ ತೂಕಡಿಕೆ, ಬೆಳಗಿನ ತಲೆನೋವು, ಏರಿದ ರಕ್ತದೊತ್ತಡದ ರೂಪದಲ್ಲಿ ಕಾಣಿಸಿಕೊಳ್ಳಬಹುದು. ಬಸ್ಸು, ಲಾರಿ ಓಡಿಸುವವರಿಗೆ ತೂಕಡಿಕೆ ಬಂದರೆ ಎಷ್ಟು ಅಪಾಯ ಎಂಬುದನ್ನು ಹೇಳಬೇಕಾಗಿಲ್ಲ.

ಮಕ್ಕಳಲ್ಲಿ ಇದು ಬೇರೆ ವೇಷ ಹಾಕುತ್ತದೆ. ಕೆಲವರು ತರಗತಿಯಲ್ಲಿ ತೂಕಡಿಸುತ್ತಾರೆ. ಕೆಲವರು ತೂಕಡಿಸುವುದೇ ಇಲ್ಲ. ಬದಲಿಗೆ ಒಂದು ಕಡೆ ಕೂರಲಾರದೆ ಚಡಪಡಿಸುತ್ತಾರೆ, ಸಣ್ಣ ಮಾತಿಗೂ ಸಿಡುಕುತ್ತಾರೆ. ಪಾಠದ ಕಡೆ ಗಮನ ನಿಲ್ಲುವುದಿಲ್ಲ. ದೊಡ್ಡವರಾದ ಮೇಲೂ ಹಾಸಿಗೆ ಒದ್ದೆಯಾಗಬಹುದು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ರೆಯಲ್ಲಿ. ಆದ್ದರಿಂದ ನಿದ್ರೆ ಪದೇ ಪದೇ ಮುರಿದರೆ ಬೆಳವಣಿಗೆಯೂ ಹಿಂದೆ ಬೀಳಬಹುದು.

ಇಂತಹ ಮಗುವಿಗೆ ನಾವು ಏನೆಂದು ಹೆಸರಿಡುತ್ತೇವೆ? ‘ಸೋಮಾರಿ’, ‘ದಡ್ಡ’, ‘ತುಂಟ’, ‘ಕುಂಭಕರ್ಣ’. ಆ ಮಗು ಇಡೀ ರಾತ್ರಿ ಉಸಿರಿಗಾಗಿ ಹೋರಾಡಿ ಬಂದಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. 100 ಮಕ್ಕಳಲ್ಲಿ ಸುಮಾರು 1ರಿಂದ 5 ಮಕ್ಕಳಿಗೆ ಈ ತೊಂದರೆ ಇರುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತಿಳಿಸಿವೆ.

ಇದೇನೂ ಹೊಸ ಕಾಯಿಲೆಯಲ್ಲ. ಆದರೆ ಮಲಗಿದವರ ಮಿದುಳಿನ ಅಲೆ ಮತ್ತು ಉಸಿರನ್ನು ಒಟ್ಟಿಗೆ ಅಳೆದು ವಿಜ್ಞಾನಿಗಳು ಇದನ್ನು ದಾಖಲಿಸಿದ್ದು 1965ರಲ್ಲಿ, ಫ್ರಾನ್ಸ್ ಮತ್ತು ಜರ್ಮನಿಯಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕ್ರಿಶ್ಚಿಯನ್ ಗಿಯೆಮಿನೋ ಮತ್ತು ಸಂಗಡಿಗರು 1976ರಲ್ಲಿ ಮಕ್ಕಳಲ್ಲಿಯೂ ಇದು ಇರುವುದನ್ನು ವಿವರಿಸಿದರು.

ಹಲ್ಲಿನ ಡಾಕ್ಟರು ಏಕೆ?

ಈಗ ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಬಾಯಿ ತೆರೆಸಿ, ದೀಪ ಹಿಡಿದು, ಇಷ್ಟು ಹತ್ತಿರದಿಂದ ಒಳಗೆ ನೋಡುವವರು ಬೇರೆ ಯಾರಿದ್ದಾರೆ? ಹುಳುಕು ಹಲ್ಲು ತೋರಿಸಲು ಬಂದವರ ಬಾಯಿಯಲ್ಲಿ ದಂತ ವೈದ್ಯರಿಗೆ ಬೇರೆ ಸುಳಿವುಗಳೂ ಸಿಗುತ್ತವೆ. ಪತ್ತೇದಾರರು ಹೆಜ್ಜೆ ಗುರುತು ನೋಡುವಂತೆ ಅವರು ಇವನ್ನು ಗಮನಿಸುತ್ತಾರೆ:

* ನಿದ್ರೆಯಲ್ಲಿ ಹಲ್ಲು ಕಡಿದು ಸವೆದಿರುವುದು.
* ನಾಲಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು ಮೂಡಿರುವುದು. ನಾಲಗೆಗೆ ಜಾಗ ಸಾಲದು ಎಂಬುದರ ಗುರುತು ಇದಾಗಿರಬಹುದು.
* ಕೆಳದವಡೆ ಚಿಕ್ಕದಾಗಿ ಹಿಂದೆ ಸರಿದಿರುವುದು. ದವಡೆ ಹಿಂದಿದ್ದರೆ ನಾಲಗೆಯೂ ಹಿಂದೆ.
* ಅಂಗುಳ ಕಿರಿದಾಗಿ, ಗೋಪುರದಂತೆ ಎತ್ತರವಾಗಿರುವುದು. ಹಲ್ಲುಗಳು ಒಂದರ ಮೇಲೊಂದು ಹತ್ತಿರುವುದು.
* ಟಾನ್ಸಿಲ್‌ಗಳು ದಪ್ಪಗಾಗಿ ಗಂಟಲಿನ ಎರಡೂ ಕಡೆಯಿಂದ ದಾರಿಗೆ ಅಡ್ಡ ಬಂದಿರುವುದು.
* ಬಾಯಿಯಿಂದ ಉಸಿರಾಡಿ ಬಾಯಿ, ಒಸಡು ಒಣಗಿರುವುದು.

ಅಂಗುಳದ ಬಗ್ಗೆ ಒಂದು ಸ್ವಾರಸ್ಯದ ಮಾತು. ಮುಖವನ್ನು ಎರಡು ಅಂತಸ್ತಿನ ಮನೆ ಎಂದುಕೊಳ್ಳಿ. ಕೆಳಗಿನ ಅಂತಸ್ತು ಬಾಯಿ, ಮೇಲಿನದು ಮೂಗು. ಬಾಯಿಯ ಚಾವಣಿಯೇ ಮೂಗಿನ ನೆಲ! ಆದ್ದರಿಂದ ಅಂಗುಳ ಕಿರಿದಾದರೆ ಮೂಗಿನ ಒಳಗಿನ ದಾರಿಯೂ ಕಿರಿದಾಗುತ್ತದೆ.

ಮಾಡಿ ನೋಡಿ: 3

ಕನ್ನಡಿಯ ಮುಂದೆ ಕುಳಿತು ಬಾಯಿಯನ್ನು ಅಗಲವಾಗಿ ತೆರೆಯಿರಿ. ‘ಆ’ ಎನ್ನದೆ ನಾಲಗೆಯನ್ನು ಪೂರ್ತಿ ಹೊರಚಾಚಿ. ಕಿರುನಾಲಗೆ ಪೂರ್ತಿ ಕಾಣಿಸುತ್ತದೆಯೇ? ಅರ್ಧ ಕಾಣುತ್ತದೆಯೇ? ಕಾಣುವುದೇ ಇಲ್ಲವೇ? ಗೆಳೆಯರೂ ನೋಡಿಕೊಳ್ಳಲಿ. ಎಲ್ಲರಿಗೂ ಒಂದೇ ರೀತಿ ಕಾಣುವುದಿಲ್ಲ.

ಅಮೆರಿಕದಲ್ಲಿ ಅರಿವಳಿಕೆ ವೈದ್ಯರಾಗಿದ್ದ, ಭಾರತೀಯ ಮೂಲದ ಡಾ. ಮಲ್ಲಂಪಾಟಿ 1985ರಲ್ಲಿ ಈ ಸರಳ ವಿಧಾನವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಗೆ ಮೊದಲು, ರೋಗಿಯ ಗಂಟಲಿನಲ್ಲಿ ಉಸಿರಿನ ಕೊಳವೆ ಇಳಿಸುವುದು ಸುಲಭವೋ ಕಷ್ಟವೋ ಎಂದು ಅಂದಾಜು ಮಾಡಲು ಅವರು ಇದನ್ನು ರೂಪಿಸಿದ್ದರು. ಈಗ ಗಂಟಲು ಎಷ್ಟು ಇಕ್ಕಟ್ಟಾಗಿದೆ ಎಂದು ತಿಳಿಯಲು ದಂತ ವೈದ್ಯರೂ ಇದನ್ನು ಬಳಸುತ್ತಾರೆ. ಕಿರುನಾಲಗೆ ಕಾಣಲಿಲ್ಲ ಎಂದು ಹೆದರಬೇಡಿ. ಇದು ಬರೀ ಸುಳಿವು, ಕಾಯಿಲೆಯ ತೀರ್ಮಾನವಲ್ಲ.

ದವಡೆ ಮುಂದೆ, ದಾರಿ ಸಲೀಸು

ಈಗ ಒಂದು ತಮಾಷೆ. ನಾಟಕದ ಕುಂಭಕರ್ಣನಂತೆ ಗೊರಕೆಯ ಸದ್ದು ಮಾಡಿ. ಆಮೇಲೆ ಕೆಳಗಿನ ಹಲ್ಲುಗಳು ಮೇಲಿನ ಹಲ್ಲುಗಳಿಗಿಂತ ಮುಂದೆ ಬರುವಂತೆ ಕೆಳದವಡೆಯನ್ನು ಚಾಚಿ. ಹಾಗೆಯೇ ಇಟ್ಟುಕೊಂಡು ಮತ್ತೆ ಅದೇ ಸದ್ದು ಮಾಡಿ. ಹೆಚ್ಚಿನವರಿಗೆ ಇದು ಕಷ್ಟವಾಗುತ್ತದೆ. ಏಕೆ ಗೊತ್ತೇ? ನಾಲಗೆಯ ಮುಖ್ಯ ಸ್ನಾಯು ಕೆಳದವಡೆಯ ಒಳಭಾಗಕ್ಕೆ, ಗಲ್ಲದ ಹಿಂದೆ ಅಂಟಿಕೊಂಡಿದೆ. ದವಡೆ ಮುಂದೆ ಬಂದರೆ ನಾಲಗೆಯನ್ನೂ ಎಳೆದುಕೊಂಡು ಬರುತ್ತದೆ. ಆಗ ಹಿಂದೆ ಜಾಗ ಹೆಚ್ಚುತ್ತದೆ. ಪ್ರಜ್ಞೆ ತಪ್ಪಿದವರ ಉಸಿರಿನ ದಾರಿ ತೆರೆಯಲು ವೈದ್ಯರು ಕೆಳದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯುವುದೂ ಇದೇ ಕಾರಣಕ್ಕೆ.

ಈ ತತ್ವವನ್ನು ಮೊದಮೊದಲು ಬಳಸಿದವರಲ್ಲಿ ಫ್ರಾನ್ಸಿನ ದಂತ ಶಸ್ತ್ರಚಿಕಿತ್ಸಕ ಪಿಯೆರ್ ರೋಬಿನ್ ಒಬ್ಬರು. ಕೆಲವು ಶಿಶುಗಳು ಬಹಳ ಚಿಕ್ಕ ಕೆಳದವಡೆಯೊಂದಿಗೆ ಹುಟ್ಟುತ್ತವೆ. ನಾಲಗೆ ಹಿಂದಕ್ಕೆ ಬಿದ್ದು ಅವುಗಳಿಗೆ ಉಸಿರಾಡುವುದೂ ಹಾಲು ಕುಡಿಯುವುದೂ ಕಷ್ಟ. ಇದನ್ನು ರೋಬಿನ್ 1923ರಲ್ಲಿ ವಿವರಿಸಿದರು. ಕೆಳದವಡೆಯನ್ನು ಮುಂದೆ ತರಲು ‘ಮೋನೋಬ್ಲಾಕ್’ ಎಂಬ ಸಾಧನವನ್ನೂ ಬಳಸಿದರು. ಶಿಶುಗಳ ಆ ತೊಂದರೆಯನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ.

1982ರಲ್ಲಿ ಅಮೆರಿಕದ ಕಾರ್ಟ್‌ರೈಟ್ ಮತ್ತು ಸ್ಯಾಮೆಲ್ಸನ್ ಎಂಬ ಸಂಶೋಧಕರು ನಾಲಗೆಯನ್ನೇ ಮೆಲ್ಲಗೆ ಮುಂದೆ ಹಿಡಿದಿಡುವ ಸಾಧನವೊಂದನ್ನು ಸ್ಲೀಪ್ ಆಪ್ನಿಯ ಇದ್ದ ದೊಡ್ಡವರಲ್ಲಿ ಪರೀಕ್ಷಿಸಿ ವರದಿ ಮಾಡಿದರು. ಅದರಾಚೆಗೆ ಇಂತಹ ಸಾಧನಗಳು ಹಲವು ಬಗೆಯಲ್ಲಿ ಸುಧಾರಿಸಿವೆ.

ಇಂದು ದಂತ ವೈದ್ಯರು ಕೊಡುವ ಸಾಧನ ಹೇಗಿರುತ್ತದೆ? ಮೊದಲು ಮೇಲಿನ ಮತ್ತು ಕೆಳಗಿನ ಹಲ್ಲುಗಳ ಅಚ್ಚು ತೆಗೆಯುತ್ತಾರೆ. ಆ ಅಚ್ಚಿಗೆ ಸರಿಯಾಗಿ ಎರಡು ಪ್ಲಾಸ್ಟಿಕ್ ಕವಚ ಮಾಡಿಸುತ್ತಾರೆ. ಕೆಳಗಿನದು ಕೆಲವು ಮಿಲಿಮೀಟರ್ ಮುಂದೆ ಇರುವಂತೆ ಎರಡನ್ನೂ ಜೋಡಿಸುತ್ತಾರೆ. ರೋಗಿ ರಾತ್ರಿ ಅದನ್ನು ಹಲ್ಲಿಗೆ ಹಾಕಿಕೊಂಡು ಮಲಗುತ್ತಾರೆ, ಬೆಳಿಗ್ಗೆ ತೆಗೆದು ತೊಳೆದಿಡುತ್ತಾರೆ. ದವಡೆಯನ್ನು ಒಮ್ಮೆಲೇ ಬಹಳ ಮುಂದೆ ಎಳೆಯುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಸರಿಪಡಿಸುತ್ತಾರೆ. ಮೊದಮೊದಲು ಜೊಲ್ಲು ಹೆಚ್ಚಬಹುದು, ದವಡೆಯ ಕೀಲು ನೋಯಬಹುದು, ವರ್ಷಗಳು ಕಳೆದಂತೆ ಹಲ್ಲು ಕೊಂಚ ಜರುಗಬಹುದು. ಆದ್ದರಿಂದ ದಂತ ವೈದ್ಯರಲ್ಲಿಗೆ ಆಗಾಗ ಹೋಗಿ ತೋರಿಸಿಕೊಳ್ಳಲೇಬೇಕು.

ಗಾಳಿಯೇ ಆಸರೆ

ಕಾಯಿಲೆ ತೀವ್ರವಾಗಿದ್ದರೆ ವೈದ್ಯರು ಸಾಮಾನ್ಯವಾಗಿ ಮೊದಲು ಹೇಳುವುದು ‘ಸಿಪ್ಯಾಪ್’ ಯಂತ್ರವನ್ನು. ಆಸ್ಟ್ರೇಲಿಯದ ಸಿಡ್ನಿಯ ವೈದ್ಯ ಕಾಲಿನ್ ಸುಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಇದರ ಬಗ್ಗೆ ಪ್ರಕಟಿಸಿದರು. ಮೂಗಿಗೆ ಮುಖವಾಡ ಹಾಕಿ, ಒಂದೇ ಸಮನೆ ತುಸು ಒತ್ತಡದಿಂದ ಗಾಳಿ ಊದುತ್ತಾರೆ. ನೀವು ಹೀರಿದ ಬಾಟಲಿಗೆ ಮತ್ತೆ ಗಾಳಿ ಊದಿದರೆ ತಗ್ಗಿದ ಗೋಡೆ ಹೊರಕ್ಕೆ ಬರುತ್ತದಲ್ಲವೇ? ಹಾಗೆಯೇ ಗಂಟಲು ತೆರೆದಿರುತ್ತದೆ. ಉಸಿರಿನ ತಡೆ ನಿವಾರಿಸುವುದರಲ್ಲಿ ಹಲ್ಲಿನ ಸಾಧನಕ್ಕಿಂತ ಈ ಯಂತ್ರದ ಕೈ ಮೇಲು. ಆದರೆ ರಾತ್ರಿಯೆಲ್ಲ ಮುಖವಾಡ ಹಾಕಿಕೊಳ್ಳಲು ಕೆಲವರಿಗೆ ಆಗುವುದಿಲ್ಲ. ಅಂತಹವರಿಗೆ ದಂತ ವೈದ್ಯರ ಸಾಧನ ಆಸರೆಯಾಗುತ್ತದೆ.

ಮಕ್ಕಳಿಗೆ ಏನು ಚಿಕಿತ್ಸೆ?

ದವಡೆ ಬೆಳೆಯುತ್ತಿರುವ ಮಕ್ಕಳಿಗೆ ದೊಡ್ಡವರ ಸಾಧನವನ್ನು ಹಾಗೆಯೇ ಹಾಕುವುದಿಲ್ಲ. ಮಕ್ಕಳಲ್ಲಿ ಸಾಮಾನ್ಯವಾಗಿ ದಾರಿಗೆ ಅಡ್ಡ ಬರುವುದು ದಪ್ಪಗಾದ ಟಾನ್ಸಿಲ್ ಮತ್ತು ಮೂಗಿನ ಹಿಂದಿರುವ ಅಡಿನಾಯ್ಡ್. ಪರೀಕ್ಷೆ ಮಾಡಿ, ಅಗತ್ಯವಿದ್ದರೆ ಕಿವಿ, ಮೂಗು, ಗಂಟಲಿನ ವೈದ್ಯರು ಶಸ್ತ್ರಚಿಕಿತ್ಸೆಯಿಂದ ಅವುಗಳನ್ನು ತೆಗೆಯುತ್ತಾರೆ. ಬಹಳಷ್ಟು ಮಕ್ಕಳಿಗೆ ಇದರಿಂದ ಗುಣ ಸಿಗುತ್ತದೆ.

ಅಂಗುಳ ಕಿರಿದಾಗಿದ್ದರೆ ಹಲ್ಲಿಗೆ ಕ್ಲಿಪ್ ಹಾಕುವ ದಂತ ತಜ್ಞರು ನೆರವಾಗಬಲ್ಲರು. ಅಂಗುಳದ ಮೂಳೆ ಎರಡು ಭಾಗಗಳಿಂದ ಆದದ್ದು. ಮಕ್ಕಳಲ್ಲಿ ನಡುವಿನ ಬೆಸುಗೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಚಿಕ್ಕ ತಿರುಪು ಇರುವ ಸಾಧನವನ್ನು ಮೇಲಿನ ಹಲ್ಲುಗಳಿಗೆ ಜೋಡಿಸಿ, ತಿರುಪನ್ನು ದಿನದಿನವೂ ಸ್ವಲ್ಪ ತಿರುಗಿಸುತ್ತಾರೆ. ಕಾಲು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಸುಮಾರು 0.25 ಮಿಲಿಮೀಟರ್ ಅಗಲವಾಗುತ್ತದೆ. ಬಾಯಿಯ ಚಾವಣಿ ಅಗಲವಾದಂತೆ ಮೂಗಿನ ನೆಲವೂ ಅಗಲವಾಗುತ್ತದೆ!

ಒಬ್ಬರ ಕೆಲಸವಲ್ಲ, ತಂಡದ ಕೆಲಸ

ಒಂದು ಮಾತು ಮರೆಯಬಾರದು. ಸ್ಲೀಪ್ ಆಪ್ನಿಯ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ದಂತ ವೈದ್ಯರಲ್ಲ. ಅದಕ್ಕೆ ನಿದ್ರೆಯ ಪರೀಕ್ಷೆ ಬೇಕು. ರೋಗಿ ಮಲಗಿರುವಾಗ ಮಿದುಳಿನ ಅಲೆ, ಹೃದಯದ ಬಡಿತ, ಎದೆಯ ಏರಿಳಿತ, ರಕ್ತದ ಆಮ್ಲಜನಕ ಎಲ್ಲವನ್ನೂ ರಾತ್ರಿಯಿಡೀ ದಾಖಲಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ಪರೀಕ್ಷೆಯ ವ್ಯವಸ್ಥೆ ಇದೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಎಂದು ಎಣಿಸುತ್ತಾರೆ. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 30 ಅಥವಾ ಹೆಚ್ಚಾದರೆ ತೀವ್ರ.

ಹಾಗಾದರೆ ದಂತ ವೈದ್ಯರ ಪಾತ್ರವೇನು? ಕೇಳುವುದು, ನೋಡುವುದು, ಸರಿಯಾದ ವೈದ್ಯರ ಬಳಿಗೆ ಕಳಿಸುವುದು, ವೈದ್ಯರು ಹೇಳಿದರೆ ಸಾಧನ ಮಾಡಿಕೊಡುವುದು, ಆಮೇಲೂ ಗಮನಿಸುತ್ತಿರುವುದು. ಅಮೆರಿಕದ ದಂತ ವೈದ್ಯರ ಸಂಘವು 2017ರಲ್ಲಿ ಈ ಹೊಣೆಗಳನ್ನು ತನ್ನ ನೀತಿಯಾಗಿ ಒಪ್ಪಿಕೊಂಡಿತು. ಸಾಧನ ಹಾಕಿದ ಮೇಲೆ ಮತ್ತೆ ನಿದ್ರೆಯ ಪರೀಕ್ಷೆ ಮಾಡಿ, ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಗೊರಕೆಯ ಸದ್ದು ನಿಂತ ಮಾತ್ರಕ್ಕೆ ಉಸಿರು ಸರಿಹೋಯಿತು ಎನ್ನುವಂತಿಲ್ಲ.

ನೀವೇನು ಮಾಡಬಹುದು?

1. ನೆಗಡಿಯಾದಾಗ ಎರಡು ದಿನ ಗೊರಕೆ ಬಂದರೆ ಚಿಂತೆ ಬೇಡ. ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಬರುತ್ತಿದ್ದರೆ, ನಿದ್ರೆಯಲ್ಲಿ ಉಸಿರು ಕಟ್ಟಿದಂತೆ ಕಂಡರೆ, ಅಪ್ಪ ಅಮ್ಮನಿಗೆ ತಿಳಿಸಿ ವೈದ್ಯರಿಗೆ ತೋರಿಸಿ.
2. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗಳಿಗೆ ಬಂದು ತಪಾಸಣೆ ಮಾಡುತ್ತದೆ. ಹಲ್ಲನ್ನೂ ನೋಡುತ್ತದೆ. ನಿಮ್ಮ ಶಾಲೆಗೆ ಬಂದಾಗ ಬಾಯಿ ತೆರೆದು ಸುಮ್ಮನಾಗಬೇಡಿ. ಗೊರಕೆ, ಬಾಯಿಯಲ್ಲಿ ಉಸಿರಾಟ, ಹಗಲಿನ ನಿದ್ದೆ ಇದ್ದರೆ ನಾಚದೆ ಹೇಳಿ. ನೀವು ಹೇಳದಿದ್ದರೆ ರಾತ್ರಿಯ ಸಂಗತಿ ಅವರಿಗೆ ಹೇಗೆ ತಿಳಿಯಬೇಕು?
3. ಅಂಗಡಿಯಲ್ಲಿ ಸಿಗುವ ಗೊರಕೆ ನಿಲ್ಲಿಸುವ ಸಾಧನಗಳನ್ನು ವೈದ್ಯರನ್ನು ಕೇಳದೆ ಬಳಸಬೇಡಿ. ಬಾಯಿಗೆ ಪಟ್ಟಿ ಅಂಟಿಸಿ ಮಲಗುವುದಂತೂ ಬೇಡವೇ ಬೇಡ.
4. ನಿಮ್ಮ ವಯಸ್ಸಿನವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕು. ತಡವಾಗಿ ಮಲಗುವುದರಿಂದ ಬರುವ ತೂಕಡಿಕೆಗೆ ಯಾವ ಸಾಧನವೂ ಬೇಡ, ಬೇಗ ಮಲಗಿದರೆ ಸಾಕು.
5. ತರಗತಿಯಲ್ಲಿ ತೂಕಡಿಸುವ ಗೆಳೆಯನಿಗೆ ಅಡ್ಡಹೆಸರು ಇಡಬೇಡಿ. "ರಾತ್ರಿ ನಿದ್ದೆ ಸರಿಯಾಗಿ ಬರುತ್ತದೆಯಾ?" ಎಂದು ಕೇಳಿ. ನಿಮ್ಮ ಆ ಒಂದು ಪ್ರಶ್ನೆಯಿಂದ ಅವನ ಓದು, ಬೆಳವಣಿಗೆ, ಆರೋಗ್ಯ ಎಲ್ಲವೂ ಸರಿದಾರಿಗೆ ಬರಬಹುದು.

ಯೋಚಿಸಿ, ಉತ್ತರಿಸಿ

1. ಶ್ವಾಸನಾಳ ಕುಸಿಯುವುದಿಲ್ಲ, ಗಂಟಲು ಕುಸಿಯಬಹುದು. ಕಾರಣವೇನು?
2. ಒಬ್ಬರಿಗೆ ಗಂಟೆಗೆ 12 ಸಲ ಉಸಿರು ನಿಲ್ಲುತ್ತದೆ. ಎಷ್ಟು ನಿಮಿಷಕ್ಕೊಮ್ಮೆ ನಿಂತಂತಾಯಿತು? 8 ಗಂಟೆಯಲ್ಲಿ ಒಟ್ಟು ಎಷ್ಟು ಸಲ?
3. ಅಂಗಾತ ಮಲಗಿದಾಗ ಗೊರಕೆ ಹೆಚ್ಚು, ಮಗ್ಗುಲಾಗಿ ಮಲಗಿದಾಗ ಕಡಿಮೆ. ಏಕಿರಬಹುದು?